ಬರಿಮೈಯ ಕಬ್ಬಿಣ

ನಮ್ಮ ಭಾಷೆಯಲ್ಲಿ 'ಹಿಡಿ' ಎಂಬ ಕ್ರಿಯಾಪದಕ್ಕೆ ಒಂದು ವಿಶೇಷವಾದ ಅಧಿಕಾರವಿದೆ. ಹುಚ್ಚು ಹಿಡಿಯುತ್ತದೆ, ಗ್ರಹಣ ಹಿಡಿಯುತ್ತದೆ, ಶನಿ ಹಿಡಿಯುತ್ತಾನೆ. ಹಾಗೆಯೇ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹಿಡಿಯುವವನು ಹೊರಗಿನವನು, ಹಿಡಿಸಿಕೊಂಡವನು ನಿರಪರಾಧಿ ಎಂಬ ಭಾವನೆ ಈ ಎಲ್ಲ ಮಾತುಗಳಲ್ಲಿಯೂ ಅಡಗಿದೆ. ಉಳಿದವುಗಳ ಸಂಗತಿ ಹೇಗಾದರೂ ಇರಲಿ, ತುಕ್ಕಿನ ಮಟ್ಟಿಗೆ ಈ ವ್ಯಾಕರಣವನ್ನು ರಸಾಯನಶಾಸ್ತ್ರ ಒಪ್ಪುವುದಿಲ್ಲ. ಕಬ್ಬಿಣ ಭೂಮಿಯಲ್ಲಿ ನಮಗೆ ದೊರೆಯುವುದೇ ಆಮ್ಲಜನಕದೊಡನೆ ಕೂಡಿಕೊಂಡು, ಅದಿರಿನ ರೂಪದಲ್ಲಿ. ಸಂಡೂರಿನ ಗುಡ್ಡಗಳು ಕೆಂಪಗಿರುವುದು ಅದರಿಂದಲೇ. ನಾವು ಕುಲುಮೆಯಲ್ಲಿ ಮಹಾ ಶಾಖವನ್ನು ವೆಚ್ಚಮಾಡಿ ಆ ಕೂಟವನ್ನು ಬಿಡಿಸಿ ಲೋಹವನ್ನು ಬೇರೆಮಾಡುತ್ತೇವೆ. ಬೇರೆಯಾದ ಗಳಿಗೆಯಿಂದಲೇ ಅದು ಹಿಂದಿರುಗುವ ದಾರಿಯನ್ನು ಹುಡುಕುತ್ತಿರುತ್ತದೆ. ತುಕ್ಕು ಎಂದರೆ ನೀರನ್ನು ಕೂಡಿಕೊಂಡ ಕಬ್ಬಿಣದ ಆಕ್ಸೈಡು, ಅದಿರಿನ ಹತ್ತಿರದ ನೆಂಟ. ಆದುದರಿಂದ ಕಬ್ಬಿಣಕ್ಕೆ ತುಕ್ಕು ಹಿಡಿಯಿತು ಎನ್ನುವುದಕ್ಕಿಂತ, ಕಬ್ಬಿಣ ತವರಿನ ಕಡೆಗೆ ಹೊರಟಿತು ಎನ್ನುವುದೇ ಹೆಚ್ಚು ಸರಿಯಾದೀತು.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಈ ಲೋಹಚಿಂತೆ ಏತಕ್ಕೆ ಎಂದು ಕೇಳುಗರು ಕೇಳಬಹುದು. ನಮ್ಮದು ಕರಾವಳಿಯ ಊರು. ನಮ್ಮ ಬೀದಿಯಲ್ಲಿ ಹಿರಿಯ ವೈದ್ಯರೊಬ್ಬರಿದ್ದರು. 1960ರ ದಶಕದಲ್ಲಿ ಅವರು ಒಂದು ಅಂಬಾಸಿಡರ್ ಕಾರನ್ನು ಕೊಂಡಿದ್ದರು. ಅದು ಹೆಸರಿಗೆ ಅವರದು, ಉಪಯೋಗಕ್ಕೆ ಊರಿನದು. ನನ್ನ ತಂಗಿ ಹುಟ್ಟಿದ ರಾತ್ರಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದದ್ದೂ ಆ ಕಾರೇ. ವೈದ್ಯರು ತೀರಿಕೊಂಡ ಮೇಲೆ ಅದು ಹಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಅವರ ಪತ್ನಿ ಈಗ ಎಂಬತ್ತೆಂಟರ ವೃದ್ಧೆ. ಆ ಕಾರು ಮತ್ತೆ ರಸ್ತೆಗೆ ಇಳಿಯುವುದನ್ನು ಕಾಣಬೇಕೆಂಬುದು ಅವರ ಆಸೆ. ತಾಯಿಯ ಆಸೆಯನ್ನು ನಡೆಸಲು ಹೊರಟ ಮಗಳು ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಕಾರನ್ನು ಅವಳು ಊರಿನ ಹಳೆಯ ಗ್ಯಾರೇಜಿಗೆ ಒಪ್ಪಿಸಿದಳು. ಅಲ್ಲಿನ ಟಿಂಕರರು ಅರುವತ್ತು ದಾಟಿದವರು. ಊರೆಲ್ಲ ಅವರನ್ನು ಸಾಹೇಬರು ಎನ್ನುತ್ತದೆ. ನಿವೃತ್ತನಾದ ನನಗೆ ಸಂಜೆಯ ಹೊತ್ತು ಧಾರಾಳವಾಗಿರುವುದರಿಂದ ಆ ಗ್ಯಾರೇಜಿನ ಮರದ ಪೆಟ್ಟಿಗೆಯೊಂದು ನನ್ನ ಖಾಯಂ ಪೀಠವಾಯಿತು. ಈ ಭಾಷಣದಲ್ಲಿರುವ ತಿಳಿವಳಿಕೆಯ ಒಂದು ಪಾಲು ಪುಸ್ತಕಗಳದು, ಇನ್ನೊಂದು ಪಾಲು ಆ ಪೆಟ್ಟಿಗೆಯ ಮೇಲೆ ಕುಳಿತು ಪಡೆದದ್ದು.

ಹಳೆಯ ಕಾರನ್ನು ಮೊದಲಿನ ಸ್ಥಿತಿಗೆ ತರಬೇಕಾದರೆ ಮೊದಲು ಅದನ್ನು ಬರಿಮೈ ಮಾಡಬೇಕು. ಬಣ್ಣದ ಮೇಲೆ ಬಣ್ಣ, ಪುಟ್ಟಿಯ ಮೇಲೆ ಪುಟ್ಟಿ, ಇವನ್ನೆಲ್ಲ ಕೆರೆದು ತೆಗೆದಾಗಲೇ ನಿಜವಾದ ತಗಡು ಎಷ್ಟು ಉಳಿದಿದೆ ಎಂಬುದು ತಿಳಿಯುತ್ತದೆ. ಎಡಬದಿಯ ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಾಕಾರದ ಭಾಗವಿದೆ. ಅದನ್ನು ನಾನು ಕಾರಿನ ಹೊಸ್ತಿಲು ಎಂದು ಕರೆಯುತ್ತೇನೆ. ಅದರ ಮೇಲಿನ ಪುಟ್ಟಿಯನ್ನು ಸಾಹೇಬರು ಉಳಿಯಿಂದ ಎಬ್ಬಿಸಿದಾಗ ಒಳಗಿನಿಂದ ಮುದ್ದೆಯಾದ ಸುದ್ದಿಪತ್ರಿಕೆ ಹೊರಬಂತು. ಹಿಂದೆಂದೋ ಯಾರೋ ತೂತಿಗೆ ಕಾಗದವನ್ನು ತುರುಕಿ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರು. ಬಿಡಿಸಿ ಓದಲು ನೋಡಿದೆ. ಕನ್ನಡ ಪತ್ರಿಕೆಯೇ ಸರಿ, ಆದರೆ ತುಕ್ಕಿನ ನೀರನ್ನು ಕುಡಿದು ಅಕ್ಷರಗಳೆಲ್ಲ ಕರಗಿಹೋಗಿದ್ದವು. "ಮಾಸ್ಟ್ರೇ, ಇಷ್ಟು ವರ್ಷ ಈ ಕಾರನ್ನು ಎತ್ತಿ ಹಿಡಿದದ್ದು ನಿಮ್ಮ ಕನ್ನಡವೇ" ಎಂದು ಸಾಹೇಬರು ನಕ್ಕರು.

ನಗೆಯ ಹಿಂದೆ ಭಯದ ಸಂಗತಿಯೊಂದಿತ್ತು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯಿಂದ ಹುಟ್ಟಿದ್ದು. ಉತ್ತರಪಾಡಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಲಾರಿಗೆ ಇರುವಂತೆ ಅದಕ್ಕೆ ಪ್ರತ್ಯೇಕವಾದ ಚಾಸಿಯಿಲ್ಲ. ಒಡಲೇ ಎಲುಬು. ಹೊಸ್ತಿಲು ಅಲಂಕಾರದ ಪಟ್ಟಿಯಲ್ಲ, ಕಾರಿನ ಭಾರವನ್ನು ಹೊರುವ ತೊಲೆ. ಅದು ಒಳಗೇ ಟೊಳ್ಳಾಗಿದ್ದರೆ ಅಪಘಾತದ ಹೊತ್ತಿಗೆ ಒಳಗೆ ಕುಳಿತವರಿಗೆ ರಕ್ಷಣೆ ಎಲ್ಲಿಯದು? ಎಂಬತ್ತೆಂಟರ ವೃದ್ಧೆಯನ್ನು ಅದರಲ್ಲಿ ಕೂರಿಸುವ ಮುನ್ನ ಯೋಚಿಸಬೇಕಾದುದು ಹೊಳಪನ್ನಲ್ಲ, ಇದನ್ನು.

ತುಕ್ಕು ಬೆಳೆಯುವ ಬಗೆಯನ್ನು ಸ್ವಲ್ಪ ತಿಳಿಯೋಣ. ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ ಮಾಡಿ ತೋರಿಸಿದ ಒಂದು ಸರಳ ಪ್ರಯೋಗವಿದೆ. ಉಜ್ಜಿ ಶುಚಿಮಾಡಿದ ಉಕ್ಕಿನ ತಗಡಿನ ಮೇಲೆ ಉಪ್ಪುನೀರಿನ ಒಂದು ಹನಿಯನ್ನು ಇಡುವುದು, ಸುಮ್ಮನೆ ನೋಡುತ್ತಿರುವುದು, ಅಷ್ಟೆ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಬೇಗನೆ ಮುಟ್ಟುತ್ತದೆ, ನಡುವಿಗೆ ಮುಟ್ಟುವುದಿಲ್ಲ. ಆ ವ್ಯತ್ಯಾಸವೇ ಹನಿಯನ್ನು ಒಂದು ಪುಟ್ಟ ಬ್ಯಾಟರಿಯನ್ನಾಗಿ ಮಾಡುತ್ತದೆ. ನಡುವಿನ ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ, ಅವು ಲೋಹದೊಳಗಿಂದಲೇ ಹರಿದು ಅಂಚಿಗೆ ಹೋಗಿ ಆಮ್ಲಜನಕವನ್ನು ಸೇರುತ್ತವೆ. ನಡುವಿಗೂ ಅಂಚಿಗೂ ಮಧ್ಯೆ ಕಂದು ಬಣ್ಣದ ಉಂಗುರವೊಂದು ಮೂಡುತ್ತದೆ. ಸವೆಯುವ ಜಾಗವೊಂದು, ತುಕ್ಕು ಕಾಣಿಸುವ ಜಾಗ ಇನ್ನೊಂದು! ಹೊರಗೆ ಕಂದು ಗುಳ್ಳೆಯೊಂದು ಕಾಣುವ ವೇಳೆಗೆ ಬಣ್ಣದ ಕೆಳಗೆ ಎಷ್ಟು ದೂರ ಸವೆದಿದೆಯೋ ಹೇಳಲಾಗದು ಎಂದು ಟಿಂಕರರು ಹೇಳುವುದರ ಹಿಂದಿನ ಶಾಸ್ತ್ರ ಇದೇ. ನೀರು ಮತ್ತು ಆಮ್ಲಜನಕ ಎರಡೂ ಬೇಕು, ಒಂದಿದ್ದರೆ ಸಾಲದು. ಉಪ್ಪು ಇವೆರಡರ ನಡುವಿನ ದಲ್ಲಾಳಿ.

ನೀರೆಂದರೆ ಕಣ್ಣಿಗೆ ಕಾಣುವ ನೀರೇ ಆಗಬೇಕಿಲ್ಲ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಸುಮಾರು 60ನ್ನು ಮೀರಿತೆಂದರೆ, ಧೂಳು ಉಪ್ಪುಗಳು ಕುಳಿತ ಉಕ್ಕಿನ ಮೇಲೆ ತುಕ್ಕಿನ ವೇಗ ಒಮ್ಮೆಲೆ ಏರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು 80ಕ್ಕಿಂತ ಕೆಳಗಿಳಿದರೆ ಅದೇ ವಿಶೇಷ. ಸಂಜೆ ಉಜ್ಜಿ ಬೆಳ್ಳಿಯಂತೆ ಹೊಳೆಯುವ ಹಾಗೆ ಮಾಡಿದ ತಗಡು ಬೆಳಗಿನ ಹೊತ್ತಿಗೆ ತೆಳುವಾದ ಅರಿಸಿನದ ಛಾಯೆಯನ್ನು ಹೊದ್ದಿರುತ್ತದೆ. ಬೆವರಿದ ಕೈಯಿಂದ ಮುಟ್ಟಿದರೆ ಸಾಕು, ಬೆರಳಿನ ಗೆರೆಗಳು ಮರುದಿನ ಕಂದು ಬಣ್ಣದಲ್ಲಿ ಅಚ್ಚಾಗಿ ನಿಲ್ಲುತ್ತವೆ. ಬರಿಮೈಯ ಕಬ್ಬಿಣದಷ್ಟು ಚೆಲುವಾದುದೂ ಇಲ್ಲ, ಅದರಷ್ಟು ಅನಾಥವಾದುದೂ ಇಲ್ಲ.

ಇಲ್ಲಿ ಯಾರಾದರೂ ದೆಹಲಿಯ ಕಬ್ಬಿಣದ ಸ್ತಂಭವನ್ನು ನೆನಪಿಸಬಹುದು. ಗುಪ್ತರ ಕಾಲದ ಆ ಸ್ತಂಭ ಸಾವಿರದ ಆರುನೂರು ವರ್ಷಗಳಿಂದ ಬರಿಮೈಯಲ್ಲೇ ನಿಂತಿದೆ. ಅಷ್ಟು ದೂರ ಹೋಗುವುದೂ ಬೇಡ, ನಮ್ಮ ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಸಹ್ಯಾದ್ರಿಯ ಮಳೆಯನ್ನೆಲ್ಲ ತಡೆದುಕೊಂಡು ನಿಂತ ಕಬ್ಬಿಣದ ಕಂಬವಿದೆ. ದೆಹಲಿಯ ಸ್ತಂಭವನ್ನು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಬಾಲಸುಬ್ರಮಣಿಯಂ ಅವರು ದೀರ್ಘಕಾಲ ಅಭ್ಯಾಸ ಮಾಡಿದರು. ಇದ್ದಿಲಿನಿಂದ ಕರಗಿಸಿದ ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಅದರ ನೆರವಿನಿಂದ ಲೋಹದ ಮೇಲೆ ತೆಳ್ಳನೆಯ, ದಟ್ಟವಾದ ಪೊರೆಯೊಂದು ಕಟ್ಟಿಕೊಂಡು ಅದೇ ಕಾವಲಾಗುತ್ತದೆ ಎಂದು ಅವರು ವಿವರಿಸಿದರು. ಕಾರಿನ ಉಕ್ಕಿನ ಕಥೆಯೇ ಬೇರೆ. ರಂಜಕ ಉಕ್ಕನ್ನು ಪೆಡಸಾಗಿಸುತ್ತದೆಯೆಂದು ಇಂದಿನ ಕಾರ್ಖಾನೆಗಳು ಅದನ್ನು ಆದಷ್ಟು ತೆಗೆದುಬಿಡುತ್ತವೆ. ಸ್ತಂಭ ಆರು ಟನ್ನಿಗೂ ಮೀರಿದ ಲೋಹದ ರಾಶಿ. ಕಾರಿನ ತಗಡು ಸುಮಾರು ಒಂದು ಮಿಲಿಮೀಟರು ದಪ್ಪ. ಸ್ತಂಭಕ್ಕೆ ತನ್ನ ಪೊರೆಯನ್ನು ತಾನೇ ಕಟ್ಟಿಕೊಳ್ಳುವಷ್ಟು ಬಿಡುವಿತ್ತು, ತಗಡಿಗೆ ಆ ಬಿಡುವಿಲ್ಲ. ಅದರ ಪೊರೆಯನ್ನು ನಾವೇ ಕಟ್ಟಿಕೊಡಬೇಕು, ಅದೂ ಅದೇ ದಿನ.

ಈ 'ಅದೇ ದಿನ' ಎಂಬ ಮಾತಿನ ಮೇಲೆಯೇ ಗ್ಯಾರೇಜಿನಲ್ಲಿ ಒಂದು ವಾಗ್ವಾದವಾಯಿತು. ಏಪ್ರಿಲ್ ತಿಂಗಳು. ಇಡೀ ಒಡಲನ್ನು ಮಂಗಳೂರಿನ ಕಡೆಗೆ ಸಾಗಿಸಿ ಮರಳಿನ ರಭಸದಿಂದ ಒಂದೇ ಸಲಕ್ಕೆ ಬಣ್ಣ ತೆಗೆಸಿಬಿಡೋಣ, ಮಳೆಯ ಮೊದಲೇ ಅರ್ಧ ಕೆಲಸ ಮುಗಿದಂತಾಗುತ್ತದೆ ಎಂದು ನನ್ನ ವಿದ್ಯಾರ್ಥಿನಿ ಹೇಳಿದಳು. ಅವಳ ಅವಸರ ಅರ್ಥವಾಗುವಂಥದೇ. ಮನೆಯಲ್ಲಿ ತಾಯಿ ವಾರಕ್ಕೊಮ್ಮೆ "ಗಾಡಿ ಯಾವಾಗ ಬರುತ್ತದೆ?" ಎಂದು ಕೇಳುತ್ತಿದ್ದರು. ಸಾಹೇಬರು ಮಾತ್ರ ತಲೆಯಾಡಿಸಿದರು. "ಬೇಡಮ್ಮ. ಮರಳು ರಭಸದಿಂದ ಬಡಿದರೆ ತೆಳು ತಗಡು ಸೊಟ್ಟಗಾಗುತ್ತದೆ. ಆಗದಿದ್ದರೂ, ಇಡೀ ಗಾಡಿಯನ್ನು ಒಂದೇ ದಿನ ಬಿಚ್ಚಿಬಿಟ್ಟರೆ ಅದೇ ದಿನ ಮುಚ್ಚುವವರು ಯಾರು? ನಾನೊಬ್ಬ, ನನ್ನ ಹುಡುಗನೊಬ್ಬ. ದಿನಕ್ಕೆ ಎಷ್ಟು ಮುಚ್ಚಲಿಕ್ಕೆ ಆಗುತ್ತದೋ ಅಷ್ಟೇ ಬಿಚ್ಚುವುದು." ಅವಳು ನನ್ನ ಮುಖ ನೋಡಿದಳು. "ಸರ್, ಹೀಗಾದರೆ ಅಮ್ಮ ಇದನ್ನು ನೋಡುವುದು ಯಾವಾಗ?" ಎಂದಳು. ಆ ಪ್ರಶ್ನೆಗೆ ಗ್ಯಾರೇಜಿನಲ್ಲಿದ್ದ ಯಾರಲ್ಲಿಯೂ ಉತ್ತರವಿರಲಿಲ್ಲ. ಕೊನೆಗೆ ಅವಳೇ "ಆಗಲಿ, ನೀವು ಹೇಳಿದ ಹಾಗೆಯೇ ಮಾಡಿ" ಎಂದು ಹೇಳಿ ಹೋದಳು.

ಅಂದಿನಿಂದ ದಿನಕ್ಕೊಂದು ಬಾಗಿಲು, ಇಲ್ಲವೆ ಒಂದು ಮಡ್‌ಗಾರ್ಡು. ಕ್ರಮವೂ ಪೂಜೆಯ ಕ್ರಮದಂತೆ. ಬೆಳಿಗ್ಗೆ ಹಳೆಯ ಬಣ್ಣವನ್ನು ತೆಗೆಯುವುದು. ಬಳಿಕ 80ನೆಯ ನಂಬರಿನ ಎಮರಿ ಕಾಗದದಿಂದ ಉಜ್ಜಿ ತಗಡಿನ ಮೈಯನ್ನು ಸ್ವಲ್ಪ ತರಿತರಿ ಮಾಡುವುದು. ನುಣುಪಾದ ಮೈಗೆ ಬಣ್ಣ ಕಚ್ಚುವುದಿಲ್ಲ. ಜಿಡ್ಡು ತೆಗೆಯುವ ದ್ರಾವಣದಲ್ಲಿ ನೆನೆದ ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಿಬಿಡುವುದು. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ಕೈಗವಸಿಲ್ಲದೆ ಯಾರೂ ಮುಟ್ಟುವಂತಿಲ್ಲ, ನಾನಂತೂ ಹತ್ತಿರ ಸುಳಿಯುವಂತೆಯೇ ಇಲ್ಲ. ಗಾಳಿಯ ತೇವ ಇಬ್ಬನಿಯಾಗುವ ಒಂದು ಉಷ್ಣಾಂಶವುಂಟಲ್ಲವೆ? ತಗಡು ಅದಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿರಬೇಕೆಂಬುದು ಬಣ್ಣದ ಕೆಲಸದವರ ಅಳತೆ. ಇಲ್ಲವಾದರೆ ಕಣ್ಣಿಗೆ ಕಾಣದ ಬೆವರಿನ ಮೇಲೆ ಬಣ್ಣ ಕೂರುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರು. ಅದು ಎರಡು ಡಬ್ಬಿಗಳ ಸಾಮಗ್ರಿ, ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ದ್ರವ. ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಡಿಸಿದರೆ ಎರಡೂ ಹೆಣೆದುಕೊಂಡು ನೀರಿಗೆ ಸುಲಭವಾಗಿ ದಾರಿ ಕೊಡದ ಪೊರೆಯಾಗುತ್ತದೆ. ಅದು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ, ಆದುದರಿಂದ ಮುಖಕವಚ ಕಡ್ಡಾಯ. ಪುಟ್ಟಿ ಬೇಕಾದರೂ ಅದು ಈ ಪೊರೆಯ ಮೇಲೆ, ಬರಿಯ ತಗಡಿನ ಮೇಲಲ್ಲ. ಪುಟ್ಟಿ ತೇವವನ್ನು ಕುಡಿಯುವ ಜಾತಿ.

ನಮ್ಮಲ್ಲಿ ಎಲ್ಲೆಲ್ಲಿಯೂ ಕಾಣುವ ನೋಟವೊಂದಿದೆ. ಗ್ಯಾರೇಜಿನ ಅಂಗಳದಲ್ಲಿ ಬೂದು ಬಣ್ಣ ಬಳಿಸಿಕೊಂಡು ತಿಂಗಳುಗಟ್ಟಲೆ ಬಿಸಿಲು ಮಳೆಯಲ್ಲಿ ನಿಂತ ಕಾರು. ಯಜಮಾನನಿಗೆ ಸಮಾಧಾನ: ಹೇಗೂ ಪ್ರೈಮರು ಆಗಿದೆಯಲ್ಲ! ಆದರೆ ಆ ಬೂದು ಬಣ್ಣ ಬಹುಮಟ್ಟಿಗೆ ಮೈಯನ್ನು ಸಮಗೊಳಿಸಲು ಹಚ್ಚುವಂಥದು, ಸುಲಭವಾಗಿ ಉಜ್ಜಲು ಬರಲೆಂದು ಸಡಿಲವಾಗಿ ಮಾಡಿದ್ದು. ಅದರೊಳಗೆ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಮಳೆಯ ನೀರು ಅದರ ಮೂಲಕ ಇಳಿದು ತಗಡನ್ನು ಮುಟ್ಟುತ್ತದೆ. ನೋಡುವವರಿಗೆ ಅದು ಹೊದಿಕೆ, ನೀರಿಗೆ ಅದು ಜರಡಿ. ಬರಿಮೈಯ ತಗಡಾದರೆ ತನ್ನ ತುಕ್ಕನ್ನು ಮುಚ್ಚಿಡದೆ ತೋರಿಸುತ್ತದೆ. ಈ ಹೊದಿಕೆ ಅದನ್ನು ತೋರಿಸದೆ ಬೆಳೆಸುತ್ತದೆ. ಎಪಾಕ್ಸಿಗೂ ದೌರ್ಬಲ್ಯವಿದೆ, ಬಹುಕಾಲ ಬಿಸಿಲಿಗೆ ಬಿಟ್ಟರೆ ಸುಣ್ಣದಂತೆ ಪುಡಿಯೇಳುತ್ತದೆ. ಅದನ್ನು ಹೊಡೆದ ಭಾಗಗಳೂ ಸೂರಿನ ಕೆಳಗೇ ಇರಬೇಕು.

ಒಂದು ದಿನ ಮಧ್ಯಾಹ್ನವೇ ಅಕಾಲ ಮಳೆ ಬಂತು. ಉಜ್ಜಿ ಮುಗಿದ ಬಾಗಿಲಿಗೆ ಪ್ರೈಮರು ಹೊಡೆಯುವಂತಿರಲಿಲ್ಲ. ಸಾಹೇಬರು ತೆಳುವಾಗಿ ಎಣ್ಣೆ ಸವರಿ ಒಳಗಿಟ್ಟರು. ಇದು ಹೊಸ ವಿದ್ಯೆಯೇನಲ್ಲ. ಮಳೆಗಾಲಕ್ಕೆ ಮುನ್ನ ಕತ್ತಿಗೆ ಎಣ್ಣೆ ಸವರಿಡುವುದು ನಮ್ಮ ಅಜ್ಜಂದಿರೂ ಬಲ್ಲ ಉಪಾಯ. ಇಂದು ಗ್ಯಾರೇಜುಗಳಲ್ಲೆಲ್ಲ ಕಾಣುವ ಡಬ್ಲ್ಯೂಡಿ-40 ಎಂಬ ದ್ರವ ಹುಟ್ಟಿದ್ದೂ ಇಂಥದೇ ಅಗತ್ಯದಿಂದ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋದ ಸಣ್ಣ ಕಂಪನಿಯೊಂದು ನೀರನ್ನು ಓಡಿಸುವ ದ್ರವಕ್ಕಾಗಿ ಪ್ರಯತ್ನಿಸಿ ನಲವತ್ತನೆಯ ಸಲಕ್ಕೆ ಗೆದ್ದಿತು, ಆ ಸಂಖ್ಯೆಯೇ ಹೆಸರಿನಲ್ಲಿ ಉಳಿಯಿತು. ಮೊದಲು ಅದನ್ನು ಹಚ್ಚಿದ್ದು ಅಟ್ಲಾಸ್ ಎಂಬ ಕ್ಷಿಪಣಿಯ ಹೊರಮೈಗೆ. ಆದರೆ ಎಣ್ಣೆ ಕೆಲವು ದಿನಗಳ ಅತಿಥಿ. ಅದರ ಲವಲೇಶ ಉಳಿದರೂ ಬಣ್ಣ ಮೀನಿನ ಕಣ್ಣುಗಳಂತೆ ಗುಳಿಬಿದ್ದು ಸರಿಯುತ್ತದೆ. ಮರುದಿನ ಆ ಬಾಗಿಲನ್ನು ಮೊದಲಿನಿಂದ ಒರೆಸಿ, ಮತ್ತೆ ಉಜ್ಜಿ, ಮತ್ತೆ ಒರೆಸಿದರು.

ಗುಳಿಗಳ ಆಳದಲ್ಲಿ ಎಮರಿ ಕಾಗದ ತಲುಪದ ಕಪ್ಪು ತುಕ್ಕು ಉಳಿದುಬಿಡುತ್ತದೆ. ಅದಕ್ಕೆ ಫಾಸ್ಫಾರಿಕ್ ಆಮ್ಲ ಮದ್ದು. ಅದು ತುಕ್ಕನ್ನು ಕರಗಿಸಿ ಲೋಹದ ಮೇಲೆ ಫಾಸ್ಫೇಟಿನ ಪೊರೆಯನ್ನು ಬಿಡುತ್ತದೆ. ಆಮ್ಲವನ್ನು ಅಲ್ಲೇ ಒಣಗಲು ಬಿಡದೆ ತೊಳೆದು, ಕೂಡಲೆ ಒಣಗಿಸಬೇಕು. ಉಳಿದ ಆಮ್ಲ ಎಪಾಕ್ಸಿಯ ಹಗೆ. ಇನ್ನೊಂದು ಮದ್ದು ಟ್ಯಾನಿಕ್ ಆಮ್ಲ, ಅಂದರೆ ಒಗರಿನ ಸಾರ. ಅದು ತುಕ್ಕನ್ನು ಕೂಡಿ ನೀಲಿಗಪ್ಪಾದ, ಸ್ಥಿರವಾದ ವಸ್ತುವಾಗುತ್ತದೆ. ಇದನ್ನು ಕಂಡಾಗ ನನಗೆ ಹಳೆಯ ಪರಿಚಯದವರನ್ನು ಕಂಡಂತಾಯಿತು. ಅಳಲೆಕಾಯಿಯ ಒಗರನ್ನೂ ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನೂ ಕೂಡಿಸಿ ನಮ್ಮ ಹಿರಿಯರು ಮಸಿಯನ್ನು ಕಾಯಿಸುತ್ತಿದ್ದರು. ಕಾಗದದ ಮೇಲೆ ಅಕ್ಷರವಾಗಿ ನಿಂತದ್ದೂ ಅದೇ ಕೂಟ, ಕಾರಿನ ಗುಳಿಯಲ್ಲಿ ಕಪ್ಪಾಗಿ ನಿಂತದ್ದೂ ಅದೇ ಕೂಟ!

ಹೊಸ್ತಿಲಿನ ಸಂಗತಿ ಎಲ್ಲಕ್ಕಿಂತ ಕಷ್ಟದ್ದು. ಕೊಳೆತ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ಹೊಸ ತಗಡನ್ನು ಬೆಸೆಯದೆ ಬೇರೆ ದಾರಿಯಿರಲಿಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂರುವ ಸಂದಿನೊಳಕ್ಕೆ ಬೆಸೆದ ಮೇಲೆ ಕುಂಚ ಹೋಗುವುದಿಲ್ಲ. ಅದಕ್ಕಾಗಿ ಬೆಸೆಯುವ ಮೊದಲೇ ಅಲ್ಲಿ ಸತುವು ತುಂಬಿದ ಪ್ರೈಮರನ್ನು ಹಚ್ಚುತ್ತಾರೆ. ಕಬ್ಬಿಣ ಸತುವುಗಳೆರಡೂ ಒದ್ದೆಯಲ್ಲಿ ಕೂಡಿದ್ದರೆ ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಈ ತತ್ತ್ವವನ್ನು ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಕಾಪಾಡಲು ಪ್ರಯೋಗಿಸಿ ತೋರಿಸಿದ್ದ. ಬೆಸೆದಾದ ಬಳಿಕ ಪೆಟ್ಟಿಗೆಯ ಒಳಗೆ ಉದ್ದನೆಯ ಕೊಳವೆಯಿಂದ ಮೇಣವನ್ನು ಸಿಂಪಡಿಸಬೇಕು. ಕೆಳಗೆ ನೀರಿಳಿಯಲು ಕಾರ್ಖಾನೆಯವರು ಬಿಟ್ಟ ತೂತುಗಳನ್ನು ತೆರೆದೇ ಇಡಬೇಕು. ಹಿಂದಿನವರು ಅವನ್ನೂ ಪುಟ್ಟಿಯಿಂದ ಮುಚ್ಚಿದ್ದರು. ಒಳಗೆ ಬಂದ ನೀರಿಗೆ ಹೊರಹೋಗುವ ಬಾಗಿಲೇ ಇರಲಿಲ್ಲ. ಯಾವುದನ್ನು ಮುಚ್ಚಬೇಕು, ಯಾವುದನ್ನು ಮುಚ್ಚಬಾರದು ಎಂಬ ವಿವೇಕವೂ ಈ ವಿದ್ಯೆಯ ಭಾಗ.

ಓಲೆಗರಿಯ ಪ್ರತಿಗಳೊಡನೆ ಕೆಲವು ವರ್ಷಗಳನ್ನು ಕಳೆದ ನನಗೆ ಇದೆಲ್ಲ ತೀರ ಅಪರಿಚಿತವೆನಿಸಲಿಲ್ಲ. ಅಲ್ಲಿಯೂ ಇಡೀ ಕಟ್ಟನ್ನು ಒಮ್ಮೆಲೇ ಬಿಚ್ಚಿ ಹರಡುವುದಿಲ್ಲ. ಒಂದಿಷ್ಟು ಗರಿಗಳನ್ನು ತೆಗೆದು, ಧೂಳನ್ನು ಒರೆಸಿ, ಹುಲ್ಲಿನೆಣ್ಣೆ ಸವರಿ, ಅನುಕ್ರಮ ತಪ್ಪದಂತೆ ಕಟ್ಟಿದ ಮೇಲೆಯೇ ಮುಂದಿನ ಗರಿಗಳಿಗೆ ಕೈಹಾಕುವುದು. ಹಳೆಯದನ್ನು ಉಳಿಸಬೇಕೆಂಬ ಉತ್ಸಾಹ ನಮ್ಮಲ್ಲಿ ಬೇಕಾದಷ್ಟಿದೆ. ಬಿಚ್ಚುವ ದಿನ ಹತ್ತು ಜನ ಸೇರುತ್ತಾರೆ, ಫೋಟೋ ತೆಗೆಯುತ್ತಾರೆ. ಹಳೆಯ ವಸ್ತು ಹಾಳಾಗುವುದು ಅದು ಮುಚ್ಚಿ ಕುಳಿತಿದ್ದ ವರ್ಷಗಳಲ್ಲಿ ಮಾತ್ರವಲ್ಲ. ಬಿಚ್ಚಿದ್ದಕ್ಕೂ ಮತ್ತೆ ಮುಚ್ಚುವುದಕ್ಕೂ ನಡುವೆ, ಉತ್ಸಾಹ ಇಳಿದ ಆ ತಿಂಗಳುಗಳಲ್ಲಿಯೂ ಅದು ವೇಗವಾಗಿ ಹಾಳಾಗುತ್ತದೆ. ಎಷ್ಟೋ ಕಾರುಗಳು, ಎಷ್ಟೋ ಮನೆಗಳು, ಎಷ್ಟೋ ಗ್ರಂಥಗಳು ಕಳೆದುಹೋದದ್ದು ಅನಾದರದಿಂದಲ್ಲ, ಅರ್ಧಕ್ಕೆ ನಿಂತ ಆದರದಿಂದ.

ನಮ್ಮ ವೈದ್ಯರ ಕಾರು ಇನ್ನೂ ಪೂರ್ತಿಯಾಗಿಲ್ಲ. ಎಂಜಿನ್ನಿನ ಕೆಲಸ ಬಾಕಿಯಿದೆ, ಮೇಲಿನ ಬಣ್ಣ ಬಾಕಿಯಿದೆ. ಆದರೆ ಎಪಾಕ್ಸಿ ಹೊದ್ದ ಒಡಲು ಸೂರಿನ ಕೆಳಗೆ ಎರಡು ಮಳೆಗಾಲಗಳನ್ನು ಕಳೆದಿದೆ, ಒಂದು ಗುಳ್ಳೆಯೂ ಎದ್ದಿಲ್ಲ. ಕಳೆದ ದೀಪಾವಳಿಯ ಮರುದಿನ ಮಗಳು ತಾಯಿಯನ್ನು ಗ್ಯಾರೇಜಿಗೆ ಕರೆತಂದಳು. ಸೀಟು ಇನ್ನೂ ಬಂದಿರಲಿಲ್ಲವಾಗಿ ಸಾಹೇಬರು ಒಂದು ಕುರ್ಚಿಯ ಕಾಲುಗಳನ್ನು ಗಿಡ್ಡಮಾಡಿ ಹಿಂಬದಿಯಲ್ಲಿ ಇಟ್ಟಿದ್ದರು. ಆ ವೃದ್ಧೆ ಹೊಸ್ತಿಲ ಮೇಲೆ ಕಾಲಿಟ್ಟು, ಮಗಳ ಕೈ ಹಿಡಿದು ಒಳಗೆ ಹೋಗಿ ಕುಳಿತರು. "ಬಣ್ಣ ಇದಲ್ಲವಲ್ಲ, ಕಪ್ಪಿತ್ತು" ಎಂದರು. "ಕಪ್ಪೇ ಬರುತ್ತದಮ್ಮ, ಇದು ಅದರ ಒಳಗಿನದು" ಎಂದರು ಸಾಹೇಬರು. ಆಕೆ ಬಾಗಿಲಿನ ಅಂಚನ್ನು ಕೈಯಿಂದ ಸವರಿ ನೋಡಿ, "ಗಟ್ಟಿಯಾಗಿದೆ" ಎಂದರು. ಈ ಸಲ ಅವರು ಮುಟ್ಟುವುದನ್ನು ಸಾಹೇಬರು ತಡೆಯಲಿಲ್ಲ.

ನಿಮ್ಮ ಮನೆಯ ಕೊಟ್ಟಿಗೆಯಲ್ಲಿಯೂ ಅಜ್ಜನ ಕಾಲದ ಕಾರೋ ಸ್ಕೂಟರೋ ನಿಂತಿರಬಹುದು. ಒಂದು ದಿನ ಅದನ್ನು ಬಿಚ್ಚುವ ಮನಸ್ಸು ನಿಮಗೂ ಬಂದೀತು, ಬರಲಿ. ಆ ಬೆಳಿಗ್ಗೆ ಉಳಿಯನ್ನು ಕೈಗೆತ್ತಿಕೊಳ್ಳುವ ಮುನ್ನ ಆಕಾಶವನ್ನೊಮ್ಮೆ ನೋಡಿ, ಪ್ರೈಮರಿನ ಡಬ್ಬಿ ಪಕ್ಕದಲ್ಲಿದೆಯೇ ಎಂದು ನೋಡಿ, ಸಂಜೆಯೊಳಗೆ ಎಷ್ಟನ್ನು ಮುಚ್ಚಬಲ್ಲಿರೆಂದು ಲೆಕ್ಕಹಾಕಿ. ಅಷ್ಟನ್ನೇ ತೆರೆಯಿರಿ.